11 ಜುಲೈ 2024, ಗುರುವಾರ: ಅಜ್ಜಿಯ ಕುರ್ಚಿಯ ತೂತುಗಳು

ಇವತ್ತು ಕುರ್ಚಿಯನ್ನು ಮುಟ್ಟಬಾರದು ಎಂದುಕೊಂಡಿದ್ದೆ. ಬೆಳಗಿನಿಂದ ಮೋಡ, ಆಗಾಗ ತುಂತುರು. ಇಂಥ ಥಂಡಿಯಲ್ಲಿ ಅರಗಿನ ಪಾಲಿಶ್ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಸೋಮವಾರವೇ ನೋಡಿದ್ದೇನೆ. ಬಣ್ಣ ಹೇಗೆ ಬರುತ್ತದೆಂದು ತಿಳಿಯಲು ಒಂದು ಕೈಪಟ್ಟಿಗೆ ಮಾತ್ರ ಹಚ್ಚಿದ್ದೆ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ, ಗಾಳಿಯ ತೇವವೆಲ್ಲ ಅದರ ಮೇಲೆ ಕೂತು, ಕೆನೆ ಕಟ್ಟಿದಂತೆ ಬಿಳಿ ಮಸುಕು ಬಂದುಬಿಟ್ಟಿತು. ಬಿಸಿಲು ಬಿದ್ದ ದಿನ ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಬಿಸಿಲು ಬೀಳಬೇಕಲ್ಲ.

ಸಂಜೆ ಚೀಲ ಹಿಡಿದು ನಮ್ಮ ಮೈಸೂರಿನ ನಂಜುಮಳಿಗೆ ಮಾರುಕಟ್ಟೆಗೆ ಹೋದೆ. ನಾಳೆ ಮೊದಲ ಆಷಾಢ ಶುಕ್ರವಾರ. ಹೂವಿನವರ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾರು ಮಲ್ಲಿಗೆಯ ಬೆಲೆ ಕೇಳಿ ಹಿಂದೆ ಸರಿಯುವಾಗ ಯಾರೋ ಮೊಣಕೈ ಹಿಡಿದರು. ತಿರುಗಿದರೆ ಕೃಷ್ಣಮೂರ್ತಿಪುರಂನ ಅಜ್ಜಿ.

ಎರಡು ವಾರದಿಂದ ಯಾರ ಕಣ್ಣಿಗೆ ಬೀಳಬಾರದೆಂದುಕೊಂಡಿದ್ದೆನೋ ಅವರೇ. ಗುಜರಿಯವನು ಒಂದೊಂದಕ್ಕೆ 800 ರೂಪಾಯಿ ಎಂದನೆಂದು ಬೇಸರಪಟ್ಟು, ಎರಡೂ ಕುರ್ಚಿಗಳನ್ನು ನಮಗೆ 4,000ಕ್ಕೆ ಕೊಟ್ಟವರು. ಬೀಟೆ ಮರದ ಕುರ್ಚಿಗಳು. ಇವರು ಮತ್ತು ಆಟೋದವರು ಸೇರಿ ಎತ್ತುವಾಗ ಅಜ್ಜಿ ಬಾಗಿಲಿನವರೆಗೆ ಬಂದು, ಕಾಲು ಹೊಸ್ತಿಲಿಗೆ ತಾಗದಂತೆ ನೋಡಿಕೊಂಡಿದ್ದರು. ಯಾರ ಕಾಲು ಎಂದುಕೊಂಡಿರಿ? ಕುರ್ಚಿಯದು.

"ಏನಮ್ಮ, ನನ್ನ ಕುರ್ಚಿಗಳು ಹೇಗಿವೆ?"

"ಕೆಲಸ ನಡೆಯುತ್ತಿದೆ ಅಜ್ಜಿ. ಇನ್ನೂ ಸ್ವಲ್ಪ ಇದೆ."

ಸ್ವಲ್ಪವೇ! ಒಂದು ಕುರ್ಚಿ ಮುಟ್ಟದೆ ಹಾಗೆಯೇ ಇದೆ. ಇನ್ನೊಂದು ನಮ್ಮ ಹಿಂದಿನ ವರಾಂಡದಲ್ಲಿ ಹಳೆಯ ಪತ್ರಿಕೆಗಳ ಮೇಲೆ ಬರೀ ಎಲುಬುಗಳಾಗಿ ನಿಂತಿದೆ. ಮೇಲೆ ಕೆಂಗಂದು ರೆಕ್ಸಿನ್, ಅದರ ಅಡಿಯಲ್ಲಿ ಇನ್ನೊಂದು ಹಸಿರು ರೆಕ್ಸಿನ್, ಅದರ ಅಡಿಯಲ್ಲಿ ಮುಟ್ಟಿದರೆ ರವೆಯಂತೆ ಉದುರುವ ಹಳದಿ ಫೋಮ್, ಗೋಣಿ ತಟ್ಟು, ಕೊನೆಗೆ ಒಂದು ಪ್ಲೈವುಡ್ ಹಲಗೆ. ಮೊಳೆ ಕೀಳುವುದಕ್ಕೇ ಎರಡು ಸಂಜೆ ಹೋಯಿತು. ತುಕ್ಕು ಹಿಡಿದ ಮೊಳೆಗಳ ತಲೆ ಇಕ್ಕಳಕ್ಕೆ ಸಿಗದೆ ಮುರಿಯುತ್ತಿದ್ದವು. ಉಪ್ಪುಕಾಗದ ಹಿಡಿದು ಉಜ್ಜಿದ ದಿನ ಬೀಟೆಯ ಪುಡಿಗೆ ಸೀನಿ ಸೀನಿ ಮೂಗು ಕೆಂಪಾಗಿತ್ತು. ಈ ಮರದ ಪುಡಿ ಎಲ್ಲರಿಗೂ ಆಗಿಬರುವುದಿಲ್ಲ. ನೀವು ಯಾರಾದರೂ ಉಜ್ಜುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

"ಆಷಾಢ ಕಳೆದ ಮೇಲೆ ಮಗ ಬಂದು ಪುಣೆಗೆ ಕರೆದುಕೊಂಡು ಹೋಗುತ್ತಾನೆ. ಆಷಾಢದಲ್ಲಿ ಮನೆ ಬಿಡುವುದು ಬೇಡವೆಂದು ನಾನೇ ತಡೆದಿದ್ದೇನೆ. ಹೊರಡುವ ಮೊದಲು ಒಂದು ಸಲ ನಿಮ್ಮ ಮನೆಗೆ ಬಂದು ಕೂತು ಹೋಗುತ್ತೇನೆ. ಆಗಬಹುದಲ್ಲವೇ?"

ಕೂತು ಹೋಗುತ್ತೇನೆ ಎಂದರು. ನೋಡಿ ಹೋಗುತ್ತೇನೆ ಎನ್ನಲಿಲ್ಲ.

ಅಷ್ಟರಲ್ಲಿ ಮಳೆ ಜೋರಾಯಿತು. ತರಕಾರಿ ಅಂಗಡಿಯೊಂದರ ತಗಡಿನ ಸೂರಿನ ಕೆಳಗೆ ಇಬ್ಬರೂ ಸರಿದು ನಿಂತೆವು. ಸುಮ್ಮನಿರಲಾರದೆ ನಾನೇ ಬಾಯಿಬಿಟ್ಟೆ. "ಅಜ್ಜಿ, ಆ ಹಲಗೆ ತೆಗೆದ ಮೇಲೆ ನೋಡಿದೆ. ಚೌಕಟ್ಟಿನ ಸುತ್ತಲೂ ತೂತುಗಳಿವೆ. ಮುಂದಿನ ಪಟ್ಟಿಯಲ್ಲಿ 35, ಹಿಂದೆ 29, ಪಕ್ಕಗಳಲ್ಲಿ 31, 31. ಇದು ಬೆತ್ತದ ಕುರ್ಚಿಯಾಗಿತ್ತೇ?"

ಅವರು ಕೂಡಲೇ ಉತ್ತರಿಸಲಿಲ್ಲ. ಚೀಲದಲ್ಲಿದ್ದ ಹುರುಳಿಕಾಯಿಯೊಂದನ್ನು ತೆಗೆದು ಮುರಿದು ನೋಡಿ ಮತ್ತೆ ಚೀಲಕ್ಕೇ ಹಾಕಿದರು.

"ಬೆತ್ತದ್ದೇ. ನಮ್ಮ ಮಾವನವರದು. ಅದಕ್ಕೆ ಬೆತ್ತ ಹೆಣೆಯಲು ಒಬ್ಬರು ಬರುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಒಬ್ಬ ಹುಡುಗ ಕೈ ಹಿಡಿದು ಕರೆತಂದು ಜಗಲಿಯ ಮೇಲೆ ಕೂರಿಸಿ ಹೋಗುತ್ತಿದ್ದ. ಬೆತ್ತ ನೆನೆಹಾಕುವ ಕೆಲಸ ನನ್ನದು. ಬಚ್ಚಲಿನ ಹಿತ್ತಾಳೆ ಕೊಳಗದಲ್ಲಿ ನೀರು ತುಂಬಿಸಿ, ಸುರುಳಿ ಬಿಚ್ಚದೆ ಹಾಕಬೇಕು. ಕಾಲು ಗಂಟೆಗಿಂತ ಹೆಚ್ಚು ಬೇಡಮ್ಮ, ಬಣ್ಣ ಕೆಡುತ್ತದೆ ಎನ್ನುತ್ತಿದ್ದರು. ಅವರಿಗೆ ಕಾಣದ ಬಣ್ಣದ ಬಗ್ಗೆ ಅವರಿಗೇ ಎಷ್ಟು ಎಚ್ಚರ ನೋಡು."

ಆ ಕಾಲದಲ್ಲಿ ಅಂಧರ ಶಾಲೆಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಸುಬಾಗಿ ಕಲಿಸುತ್ತಿದ್ದರು. ಸರ್ಕಾರಿ ಕಚೇರಿಗಳಲ್ಲಿ ಅದಕ್ಕೆಂದೇ ನೌಕರಿಯೂ ಇತ್ತು. ನಮ್ಮ ತಿಲಕ್ ನಗರದ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಳೆಯದು. ಅವರು ಅಲ್ಲಿ ಕಲಿತವರೇ ಎಂದು ಕೇಳಿದೆ. ಅಜ್ಜಿಗೆ ಗೊತ್ತಿಲ್ಲ.

"ಒಂದು ಸಲ ಏನಾಯಿತು ಎಂದರೆ, ಹಳೆಯ ಬೆತ್ತ ಕತ್ತರಿಸುವ ಮೊದಲು ಜೋತುಬಿದ್ದ ಆ ಹಾಸಿನ ಮೇಲೆ ಅಂಗೈ ಆಡಿಸಿದರು. ಆಡಿಸಿ, 'ಯಜಮಾನರು ಬಲಕ್ಕೇ ವಾಲಿ ಕೂರುತ್ತಾರಲ್ಲ, ಎಡಸೊಂಟ ನೋವೇ?' ಎಂದು ಕೇಳಿದರು. ನಮ್ಮ ಅತ್ತೆಗೇ ಗೊತ್ತಿರಲಿಲ್ಲ ಕಣಮ್ಮ. ಮಾವನವರು ಯಾರಿಗೂ ಹೇಳಿಕೊಂಡಿರಲಿಲ್ಲ. ಅವತ್ತು ರಾತ್ರಿ ಅತ್ತೆ ಹರಳೆಣ್ಣೆ ಬಿಸಿ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ."

ಆಮೇಲೆ ಅವರು ಬರುವುದು ನಿಂತಿತಂತೆ. ಒಂದು ಬೇಸಿಗೆ ಕಾದರು, ಇನ್ನೊಂದು ಬೇಸಿಗೆ ಕಾದರು. ಬೆತ್ತ ನಡುವೆ ಹರಿಯಿತು. ಮಾವನವರೂ ಹೋದರು. ಬಡಗಿಯೊಬ್ಬ ಬಂದು ಹಲಗೆ ಹೊಡೆದು ರೆಕ್ಸಿನ್ ಹೊದಿಸಿದ.

"ಅವರ ಹೆಸರೇನು ಅಜ್ಜಿ?"

"ಕೇಳಲಿಲ್ಲ. ಅಷ್ಟು ಸಲ ಊಟ ಬಡಿಸಿದ್ದೇನೆ. ಹೆಸರು ಕೇಳಲಿಲ್ಲ."

ಮಳೆ ನೋಡುತ್ತ ನಿಂತೆವು. ಮಾತು ಬದಲಿಸಬೇಕೆನ್ನಿಸಿತು. "ಹಾಗಾದರೆ ಅದಕ್ಕೆ ಮತ್ತೆ ಬೆತ್ತವನ್ನೇ ಹಾಕಿಸಲೇ? ನಿಮಗೂ ಹಳೆಯ ಕುರ್ಚಿ ಸಿಕ್ಕಿದಂತಾಗುತ್ತದೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ನನ್ನ ಕುರ್ಚಿ ರೆಕ್ಸಿನಿನದೇ ಅಮ್ಮ. ನಲವತ್ತು ವರ್ಷ ಅದರ ಮೇಲೆಯೇ ಕೂತೆ. ಬೆತ್ತವಿದ್ದಾಗ ನಾನು ಅದರಲ್ಲಿ ಕೂತವಳೇ ಅಲ್ಲ. ಸೊಸೆಯಾದವಳು ಮಾವನವರ ಕುರ್ಚಿಯಲ್ಲಿ ಕೂರುವ ಕಾಲವೇ ಅದು? ಒರೆಸಿದ್ದೇನೆ, ತಿಗಣೆಯಾದಾಗ ಬಿಸಿಲಿಗೆ ಹೊತ್ತು ಹಾಕಿದ್ದೇನೆ, ಬೆತ್ತ ನೆನೆಹಾಕಿದ್ದೇನೆ. ಕೂತಿಲ್ಲ."

ಇಷ್ಟು ಹೇಳಿ, ಮಳೆ ಕಡಿಮೆಯಾಯಿತೆಂದು ಸೆರಗು ತಲೆಗೆಳೆದುಕೊಂಡು ಹೊರಟೇಬಿಟ್ಟರು. ನಾನು ಹೂವು ಕೊಳ್ಳುವುದನ್ನೇ ಮರೆತು ಮನೆಗೆ ಬಂದೆ.

ಮಗಳು ಫೋನ್ ಮಾಡಿದ್ದಳು. ಹಾಸ್ಟೆಲಿನ ಊಟ ಹಿಡಿಸುತ್ತಿಲ್ಲವಂತೆ, ಚಟ್ನಿಪುಡಿ ಕಳಿಸು ಎಂದಳು. ಹೂಂ ಎಂದೆ. ಅವಳು ಇನ್ನೂ ಏನೋ ಹೇಳಿದಳು, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನಾಳೆ ನಾನೇ ಮಾಡಿ ಮಾತನಾಡಬೇಕು.

ಊಟವಾದ ಮೇಲೆ ಟಾರ್ಚ್ ಹಿಡಿದು ವರಾಂಡಕ್ಕೆ ಹೋದೆ. ಅಜ್ಜಿ ಹೇಳಿದ ಬಲಕ್ಕೆ ವಾಲುವ ಮಾತು ತಲೆಯಲ್ಲೇ ಸುತ್ತುತ್ತಿತ್ತು. ವರ್ಷಗಟ್ಟಲೆ ಬೆತ್ತ ಎಳೆದಿದ್ದರೆ ತೂತಿನ ಅಂಚು ಸವೆದಿರಲೇಬೇಕು. ಬಲಗಡೆಯ ಪಟ್ಟಿಯನ್ನು ನೋಡಿದೆ. ತೂತುಗಳು ದುಂಡಗೆ, ನಿನ್ನೆ ಕೊರೆದಂತೆ ಇದ್ದವು. ಮನಸ್ಸು ಸಣ್ಣದಾಯಿತು. ಅಜ್ಜಿಯ ನೆನಪು ತಪ್ಪಿರಬಹುದೆಂದುಕೊಂಡು ಎಡಗಡೆಗೆ ಬೆಳಕು ಬಿಟ್ಟರೆ ಅಲ್ಲಿತ್ತು. ನಡುವಿನ ಎಂಟೊಂಬತ್ತು ತೂತುಗಳು ಒಳಮುಖವಾಗಿ ಹುಣಸೆ ಬೀಜದಂತೆ ಉದ್ದವಾಗಿದ್ದವು. ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಗೀರು. ಒಂದು ಕ್ಷಣ ಬೇಕಾಯಿತು ಹೊಳೆಯಲು: ನಾನು ಕುರ್ಚಿಯ ಎದುರಿಗೆ ಕುಕ್ಕರುಗಾಲಿನಲ್ಲಿದ್ದೆ. ಎದುರಿಗಿರುವವರ ಎಡ, ಕೂತವರ ಬಲ.

ಅಂಗೈಯಲ್ಲಿ ಅವರಿಗೆ ತಿಳಿದದ್ದು ಮರದಲ್ಲಿ ಹಾಗೆಯೇ ಉಳಿದಿತ್ತು.

ಅದರಲ್ಲೊಂದು ತೂತಿನೊಳಗೆ ಹಳೆಯ ಬೆತ್ತದ ತುಂಡೂ, ಅದನ್ನು ಬಿಗಿಯಾಗಿ ಹಿಡಿದಿದ್ದ ಮರದ ಬೆಣೆಯೂ ಇದ್ದವು. ಎಳೆದರೆ ಬೆತ್ತ ಕಪ್ಪು ಕಡ್ಡಿಯಾಗಿ ಎರಡು ತುಂಡಾಯಿತು. ಬೆಣೆ ಮಾತ್ರ ಅಲ್ಲಾಡಲಿಲ್ಲ. ತೆಗೆಯದೆ ಬಿಟ್ಟಿದ್ದೇನೆ.

ಈಗ ನನ್ನನ್ನು ಕೊರೆಯುತ್ತಿರುವ ವಿಷಯ ಬರೆಯಲೇಬೇಕು. ನವಾರು ಬಿಗಿದು, ಫೋಮ್ ಇಟ್ಟು, ಕೈಮಗ್ಗದ ಬಟ್ಟೆ ಹೊದಿಸುವುದೆಂದು ತೀರ್ಮಾನಿಸಿ 3 ಮೀಟರ್ ಬಟ್ಟೆಯನ್ನೂ ತಂದಿಟ್ಟಿದ್ದೆ. ತೂತುಗಳು ಯಾಕೆ ಎಂದು ಕಳೆದ ಭಾನುವಾರ ಹಿಂದಿನ ಪಟ್ಟಿಯ ನಾಲ್ಕಕ್ಕೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಿ, ಒತ್ತಿ, ಮಟ್ಟ ಮಾಡಿ ಮುಚ್ಚಿಬಿಟ್ಟಿದ್ದೇನೆ. ಎಷ್ಟು ನೀಟಾಗಿ ಮುಚ್ಚಿದ್ದೇನೆಂದು ಇವರನ್ನು ಕರೆದು ತೋರಿಸಿಯೂ ಇದ್ದೆ. ಈಗ ಆ ಜಾಗ ಮುಟ್ಟಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೆತ್ತವನ್ನೇ ಹೆಣೆಯಬೇಕು. ಇನ್ನು ಆ ಬಗ್ಗೆ ಯೋಚನೆ ಇಲ್ಲ. ಮೊದಲು ಹಿಂದಿನಿಂದ ಮುಂದಕ್ಕೆ, ಮೇಲೆ ಅಡ್ಡಲಾಗಿ, ಮತ್ತೆ ಹಿಂದಿನಿಂದ ಮುಂದಕ್ಕೆ, ನಾಲ್ಕನೆಯದನ್ನು ಒಂದರ ಮೇಲೆ ಒಂದರ ಕೆಳಗೆ ನುಗ್ಗಿಸಿ ಅಡ್ಡಲಾಗಿ, ಆಮೇಲೆ ಎರಡು ಓರೆ ಎಳೆ. ಆರು ಸುತ್ತು ಆದಾಗಲೇ ಆ ಎಂಟು ಮೂಲೆಯ ಕಣ್ಣುಗಳು ಮೂಡುವುದು. ಎಲ್ಲವೂ ಒದ್ದೆಯಾಗಿರುವಾಗಲೇ ಆಗಬೇಕು, ಒಣಗುತ್ತ ಬಿಗಿಯುತ್ತದೆ. ಕೊನೆಗೆ ಸುತ್ತಲೂ ಅಂಚುಪಟ್ಟಿ. ಬೆತ್ತದ ಅಗಲವನ್ನು ತೂತು ನೋಡಿ ಆರಿಸಬೇಕು. ಒಂದೇ ತೂತಿನಲ್ಲಿ ಅಷ್ಟೂ ಎಳೆ ಹಾಯಬೇಕಲ್ಲ, ದಪ್ಪವಾದರೆ ಓರೆ ಎಳೆಯ ಹೊತ್ತಿಗೆ ಜಾಗವೇ ಇರುವುದಿಲ್ಲ. ಓದಿ ತಿಳಿದದ್ದು ಇಷ್ಟು. ಕೈಗೆ ಬರುವುದು ಬೇರೆ ಮಾತು. ಬಂಬೂ ಬಜಾರಿನಲ್ಲಿ, ಮೇದರ ಬ್ಲಾಕಿನ ಕಡೆ, ಕುರ್ಚಿಗೆ ಹೆಣೆಯುವವರು ಈಗಲೂ ಯಾರಾದರೂ ಇದ್ದಾರೆಯೇ ಎಂದು ಶನಿವಾರ ಕೇಳಿ ಬರುತ್ತೇನೆ. ಇದ್ದರೆ ಅವರ ಪಕ್ಕದಲ್ಲೇ ಕೂತು ಕಲಿಯುತ್ತೇನೆ. ಎಲ್ಲಕ್ಕಿಂತ ಮೊದಲು ಅವರ ಹೆಸರು ಕೇಳುತ್ತೇನೆ.

ಆಷಾಢ ಮುಗಿಯುವ ಭೀಮನ ಅಮಾವಾಸ್ಯೆ ಆಗಸ್ಟ್ 4ಕ್ಕೆ. ಅಂದರೆ 24 ದಿನ. ಒಂದು ಕುರ್ಚಿಯಾದರೂ ಆಗಬೇಕು. ಇನ್ನೊಂದನ್ನು ಬಿಚ್ಚುವುದಿಲ್ಲ, ಆ ಕೆಂಗಂದು ರೆಕ್ಸಿನಿನಲ್ಲೇ ಇರಲಿ. ಅಜ್ಜಿ ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿ ಇಡುತ್ತೇನೆ. ಯಾವುದರಲ್ಲಿ ಕೂರಬೇಕೆಂದು ನಾನು ಹೇಳುವುದಿಲ್ಲ.

ಇವರು ಬಂದು, ಹನ್ನೊಂದಾಯಿತು, ನಾಳೆ ಬೆಳಗಿನ ಜಾವ ಚಾಮುಂಡಿ ಬೆಟ್ಟಕ್ಕೆ ಹೊರಡಬೇಕು, ಇನ್ನೂ ಏನು ಮಾಡುತ್ತಿದ್ದೀಯ ಎಂದರು. ಬಿಸಿ ವಿನೆಗರ್‌ನಲ್ಲಿ ಅದ್ದಿದ ಬತ್ತಿಯನ್ನು ಆ ನಾಲ್ಕು ತೂತುಗಳ ಮೇಲೆ ಇಟ್ಟು ಕಾಯುತ್ತಿದ್ದೆ. ಅಂಟು ಮೆತ್ತಗಾಗುತ್ತದೆ. ಗೋಣಿ ಹೊಲಿಯುವ ದಬ್ಬಳದಿಂದ ಒಂದನ್ನು ಪೂರ್ತಿ ಬಿಡಿಸಿದೆ. ಎರಡನೆಯದೂ ಬಂತು. ಮೂರನೆಯದು ಅರ್ಧಕ್ಕೆ ನಿಂತಿದೆ, ಜೋರು ಮಾಡಿದರೆ ಅಂಚು ಕೀಳಬಹುದು. ಇವರು ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದಾರೆ. ನಾಲ್ಕನೆಯದನ್ನು ಇನ್ನೂ ಮುಟ್ಟಿಲ್ಲ.