ಬೆಲ್ಲಿ ಮತ್ತು ಎರಡು ಬುಟ್ಟಿ ಮರಳು

ಮೈಸೂರು, ಭಾನುವಾರ, 14 ಜುಲೈ 2024, ರಾತ್ರಿ 10:40

ನಮ್ಮ ನಾಯಿಮರಿ ಬೆಲ್ಲಿ ಬೆಳಿಗ್ಗೆಯಿಂದ ಮನೆಯೊಳಗೆ ಉಚ್ಚೆ ಮಾಡಿದ್ದು ಒಂದೇ ಸಲ. ಹೋದ ಭಾನುವಾರ ಒಂಬತ್ತು ಸಲ ಉಚ್ಚೆ, ಮೂರು ಸಲ ಕಕ್ಕ ಆಗಿತ್ತು. ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ, ತುಂಬಾ ಖುಷಿಯಾಗಿದೆ.

ಬೆಲ್ಲಿ ಮನೆಗೆ ಬಂದಿದ್ದು ಜೂನ್ 22ಕ್ಕೆ. ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದಾರಲ್ಲ, ಅಲ್ಲಿನ ಮರಳು ರಾಶಿ ಮೇಲೆ ಒಬ್ಬಳೇ ಇದ್ದಳು. ಏಳು ವಾರದ ಮರಿ ಇರಬಹುದು ಅಂದರು ಡಾಕ್ಟರು. ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲಿ.

ಮೊದಲ ವಾರ ನಾವು ಮಾಡಿದ್ದು ತಪ್ಪು. ಹಾಲ್‌ನಲ್ಲಿ ಉಚ್ಚೆ ಮಾಡಿದಾಗ ಅಪ್ಪ ಪೇಪರ್ ಸುತ್ತಿ ಅವಳ ಪಕ್ಕದಲ್ಲೇ ನೆಲಕ್ಕೆ ಜೋರಾಗಿ ಬಡಿದರು. "ಒಂದು ಸಲ ಹೆದರಿಸಿದ್ರೆ ಗೊತ್ತಾಗುತ್ತೆ" ಅಂತ ಅಮ್ಮನೂ ಅಂದರು. ಹಿಂದೆ ಊರಿನ ಮನೆಯಲ್ಲಿ ಹಾಗೇ ಕಲಿಸುತ್ತಿದ್ದರಂತೆ. ನಾನೂ ಸುಮ್ಮನಿದ್ದೆ. ಬೆಲ್ಲಿ ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಲ ಹೊಟ್ಟೆಗೆ ಸೇರಿಸಿಕೊಂಡು, ನಿಂತಲ್ಲೇ ಇನ್ನೊಂದು ಸ್ವಲ್ಪ ಮಾಡಿಕೊಂಡಳು. ಅದು ಹಟ ಅಲ್ಲ, ಹೆದರಿಕೆ. ಮರಿಗಳಿಗೆ ಹೆದರಿದಾಗ ತಡೆದುಕೊಳ್ಳಲು ಆಗುವುದಿಲ್ಲ.

ಆಮೇಲೆ ಎರಡು ದಿನ ಹಾಲ್ ಒಣಗಿಯೇ ಇತ್ತು. ಕಲಿತಳು ಅಂದುಕೊಂಡೆವು. ಮೂರನೇ ದಿನ ಅಮ್ಮ "ಎಲ್ಲೋ ಮೋರಿ ಕಟ್ಟಿದೆ, ವಾಸನೆ ಬರ್ತಿದೆ" ಅಂತ ಮನೆಯೆಲ್ಲಾ ಹುಡುಕಿದರು. ಟಾರ್ಚ್ ಹಾಕಿ ಸೋಫಾ ಹಿಂದೆ ನೋಡಿದರೆ ಎಲ್ಲಾ ಅಲ್ಲೇ ಇತ್ತು. ಅವಳಿಗೆ ಅರ್ಥವಾಗಿದ್ದು ಇಷ್ಟೇ: ಇವರ ಎದುರಿಗೆ ಮಾಡಿದರೆ ಅಪಾಯ. ಒಳಗೆ ಬೇಡ, ಹೊರಗೆ ಮಾಡು ಅನ್ನುವುದು ಅವಳಿಗೆ ತಲುಪಿರಲೇ ಇಲ್ಲ. ಹೊರಗೆ ಕರೆದುಕೊಂಡು ಹೋದಾಗಲೂ ನಮ್ಮ ಎದುರಿಗೆ ಮಾಡದೆ, ಒಳಗೆ ಬಂದು ಸೋಫಾ ಹಿಂದೆ ಓಡುತ್ತಿದ್ದಳು. ಮೂತಿ ತಂದು ಉಚ್ಚೆಗೆ ಒತ್ತುವುದೂ ಹೀಗೇ. ಐದು ನಿಮಿಷದ ಹಿಂದೆ ಮಾಡಿದ್ದಕ್ಕೆ ಈಗ ಬೈದರೆ ನಾಯಿಗೆ ಅದಕ್ಕೂ ಇದಕ್ಕೂ ಸಂಬಂಧ ಹೊಳೆಯುವುದೇ ಇಲ್ಲ.

ವಾಸನೆ ಹೋಗಿಸುವುದೇ ದೊಡ್ಡ ಕೆಲಸವಾಯಿತು. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ, ಕೂದಲೆಳೆಯಂಥ ಬಿರುಕುಗಳಿವೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಹೋಯಿತು ಅನ್ನಿಸುತ್ತೆ, ಅವಳ ಮೂಗಿಗೆ ಅಡಿಯಲ್ಲಿ ಉಚ್ಚೆ ಇದ್ದೇ ಇರುತ್ತೆ. ಅದರಲ್ಲೂ ಕಪ್ಪು ಫಿನಾಯಿಲ್ ಮರಿ ಇರುವ ಮನೆಗೆ ಬೇಡವೇ ಬೇಡ, ಪಾದಕ್ಕೆ ಅಂಟಿ, ನೆಕ್ಕಿಕೊಂಡು ಹೊಟ್ಟೆಗೆ ಹೋಗುತ್ತೆ. ಬ್ಲೀಚಿಂಗ್ ಪೌಡರ್ ಕೂಡ ಉಚ್ಚೆ ಮೇಲೆ ಹಾಕಬಾರದು, ಕೆಟ್ಟ ಗಾಳಿ ಏಳುತ್ತೆ. ಕೊನೆಗೆ ಉಚ್ಚೆಯನ್ನೇ ಒಡೆದು ವಾಸನೆ ತೆಗೆಯುವ ಎಂಜೈಮ್ ಇರುವ ಕ್ಲೀನರ್ ತಂದೆ. ಮೊದಲು ಒಣಬಟ್ಟೆಯಲ್ಲಿ ಒತ್ತಿ ಹೀರಿಸಬೇಕು, ಉಜ್ಜಬಾರದು, ಉಜ್ಜಿದರೆ ಹರಡುತ್ತೆ. ಆಮೇಲೆ ಕ್ಲೀನರ್ ಸುರಿದು ಹದಿನೈದು ನಿಮಿಷ ಹಾಗೇ ಬಿಡಬೇಕು. ಸುರಿದ ತಕ್ಷಣ ಒರೆಸಿದರೆ ದುಡ್ಡು ದಂಡ. ಬಿರುಕಿನ ಜಾಗಕ್ಕೆ ಮೂರು ದಿನ ಹಾಕಿದೆ.

ಆದರೆ ನಿಜವಾಗಿ ದಾರಿ ತೋರಿಸಿದ್ದು ಬೆಲ್ಲಿಯೇ. ಮನೆಯೊಳಗೆ ಎಲ್ಲೆಲ್ಲಿ ಮಾಡಿದ್ದಾಳೆ ಅಂತ ನೋಟ್‌ಬುಕ್ಕಿನಲ್ಲಿ ನೋಡಿದರೆ ಕಾಲೊರೆಸು, ಗೋಣಿಚೀಲ, ಸೋಫಾ ಹಿಂದಿನ ಧೂಳು. ನುಣ್ಣಗಿನ ನೆಲ ಕಡಿಮೆ. ಮರಿಗಳು ಪುಟ್ಟ ವಯಸ್ಸಿನಲ್ಲಿ ಯಾವ ಥರದ ನೆಲದ ಮೇಲೆ ಮಾಡಿ ಅಭ್ಯಾಸವೋ, ಪಾದಕ್ಕೆ ಅದನ್ನೇ ಹುಡುಕುತ್ತವೆ. ಇವಳು ಬೆಳೆದಿದ್ದು ಮರಳಲ್ಲಿ ಅಲ್ವಾ? ಹಿತ್ತಲಲ್ಲಿ ನಾನು ಅವಳನ್ನು ನಿಲ್ಲಿಸುತ್ತಿದ್ದುದು ಕಲ್ಲುಚಪ್ಪಡಿ ಮೇಲೆ. ಮೇಸ್ತ್ರಿಯನ್ನು ಕೇಳಿ ಎರಡು ಬುಟ್ಟಿ ಮರಳು ತಂದು ಕರಿಬೇವಿನ ಗಿಡದ ಪಕ್ಕ ಹರಡಿದೆ. ಉಚ್ಚೆ ಒರೆಸಿದ ಬಟ್ಟೆಯನ್ನೂ ಅಲ್ಲೇ ಇಟ್ಟೆ, ವಾಸನೆ ಸಿಗಲಿ ಅಂತ. ಸಂಜೆ ಕರೆದುಕೊಂಡು ಹೋದರೆ ಮುಂಗಾಲಿಂದ ಒಂದೆರಡು ಸಲ ಕೆರೆದು, ಮೂಗು ಊರಿ, ಎರಡು ಸುತ್ತು ತಿರುಗಿ ಕೂತೇಬಿಟ್ಟಳು. ಮುಗಿದ ತಕ್ಷಣ, ಅಲ್ಲೇ, ಬೇಯಿಸಿದ ಕೋಳಿ ಲಿವರ್ ಒಂದು ಚೂರು ಕೊಟ್ಟೆ. ಒಳಗೆ ಬಂದಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗಾಗುತ್ತೆ.

ಹೊರಗೆ ಕರೆದುಕೊಂಡು ಹೋಗುವ ಹೊತ್ತು ಮಾತ್ರ ತಪ್ಪಿಸುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕಾಲು ಗಂಟೆಯೊಳಗೆ, ಆಟದ ಮಧ್ಯೆ. ಎಷ್ಟು ತಿಂಗಳ ಮರಿಯೋ ಹೆಚ್ಚು ಕಡಿಮೆ ಅಷ್ಟು ಗಂಟೆ ತಡೆದುಕೊಳ್ಳುತ್ತೆ ಅನ್ನುತ್ತಾರೆ. ಆಟದಲ್ಲಿದ್ದರೆ ಬೆಲ್ಲಿಗೆ ಅರ್ಧ ಗಂಟೆಯೇ ಜಾಸ್ತಿ. ಗೇಟಿನಾಚೆ ಇನ್ನೂ ಬಿಡುತ್ತಿಲ್ಲ. ಲಸಿಕೆಗಳು ಮುಗಿದಿಲ್ಲ, ಬೀದಿಯಲ್ಲಿ ಪಾರ್ವೋ ಅನ್ನುವ ವೈರಸ್ ರೋಗ ಅಂಟಿದರೆ ಇಷ್ಟು ಚಿಕ್ಕ ಮರಿ ಉಳಿಯುವುದು ಕಷ್ಟ. ಅಪ್ಪ ಪ್ರೀತಿಯಿಂದ ಹಾಕುತ್ತಿದ್ದ ಹಾಲನ್ನೂ ನಿಲ್ಲಿಸಿದೆವು. ಭೇದಿ ಅದರಿಂದಲೇ ಆಗುತ್ತಿತ್ತು, ನಿಲ್ಲಿಸಿದ ಎರಡೇ ದಿನಕ್ಕೆ ಕಕ್ಕ ಗಟ್ಟಿಯಾಯಿತು. ಒಂದು ವಿಷಯ ಇನ್ನೂ ಗಮನಿಸುತ್ತಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಹನಿ ಹನಿ ಹೋಗುತ್ತಿದ್ದರೆ ಅದು ಅಭ್ಯಾಸವಲ್ಲ, ಉರಿಮೂತ್ರ ಇರಬಹುದು, ತರಬೇತಿ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಬೆಲ್ಲಿಗೆ ಹಾಗಿಲ್ಲ.

ಇವತ್ತಿನ ಒಂದು ಸಲ ಆಗಿದ್ದು ನನ್ನಿಂದಲೇ. ಫೋನ್ ಬಂತು ಅಂತ ಆಟ ನಿಲ್ಲಿಸಿ ಎದ್ದೆ, ಕಾಲೊರೆಸು ಒದ್ದೆಯಾಯಿತು. ಯಾರೂ ಏನೂ ಅನ್ನಲಿಲ್ಲ. ಅಮ್ಮ ಕಾಲೊರೆಸು ಒಗೆಯಲು ಹಾಕಿದರು. ಈಗ ಎಲ್ಲಾ ಕಾಲೊರೆಸುಗಳನ್ನೂ ಎತ್ತಿಟ್ಟಿದ್ದೇವೆ.

ನೋಟ್‌ಬುಕ್ಕಿನಲ್ಲಿ ಸಂಜೆಯ ಒಂದು ಸಾಲು ನನ್ನ ಕೈಬರಹವಲ್ಲ. "4:10, ಮರಳು, ಎರಡೂ ಆಯ್ತು, ಲಿವರ್ ಕೊಟ್ಟೆ." ಅಪ್ಪ ಬರೆದಿದ್ದು. ರಾತ್ರಿ ಎರಡು ಗಂಟೆಯ ಅಲಾರಂ ಇವತ್ತು ಅವರ ಫೋನಿನಲ್ಲೇ ಇಟ್ಟುಕೊಂಡಿದ್ದಾರೆ. ಹೊರಗೆ ಸೋನೆ ಹಿಡಿದಿದೆ. ಛತ್ರಿ, ಟಾರ್ಚ್ ಹಿಂಬಾಗಿಲ ಹತ್ತಿರ ಇಟ್ಟು ಬಂದೆ.