ಕಳಲೆ ಕಾಲದಲ್ಲಿ ಕೈ ಸ್ವಲ್ಪ ಹಿಡಿತದಲ್ಲಿರಲಿ

ಮಲೆನಾಡಲ್ಲಿ ಮಳೆ ಹಿಡಿದರೆ ಮೂಡಿಗೆರೆ, ಕೊಪ್ಪದ ಕಡೆ ಕಳಲೆಯ (ಎಳೆ ಬಿದಿರಿನ ಮೊಳಕೆಯ) ಕಾಲ. ಕೆಲವರ ಮನೆಯಲ್ಲಂತೂ ವಾರವಿಡೀ ಅದೇ ಪಲ್ಯ, ಅದೇ ಹುಳಿ.

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಅಂಶವಿದೆ. ಹೆಚ್ಚಿದಾಗ, ಜಗಿದಾಗ ಅದು ಒಡೆದು ಸಯನೈಡ್ ಬಿಡುತ್ತದೆ. ಎಳೆ ತುದಿಯಲ್ಲೇ ಅದು ಜಾಸ್ತಿ. ‘ಎಳೇದು, ನೆನೆಸೋದು ಬೇಡ’ ಅನ್ನುವವರ ಲೆಕ್ಕ ತಲೆಕೆಳಗು.

ಸಿಪ್ಪೆ ಸುಲಿದು, ಬಿಲ್ಲೆಗಳನ್ನು ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ 3 ದಿನ ಇಡಿ. ದಿನಾ ನೀರು ಬದಲಿಸಿ. ಆ ನೀರನ್ನು ದನದ ಬಾನಿಗೆ ಸುರಿಯಬೇಡಿ. ದಪ್ಪ ಹೋಳಾದರೆ ಒಳಗಿನ ವಿಷ ಸರಿಯಾಗಿ ಹೊರಗೆ ಬರುವುದಿಲ್ಲ, ಕಹಿ ಉಳಿಯುತ್ತದೆ. ಆಮೇಲೆ ಹೊಸ ನೀರಲ್ಲಿ, ಅಡುಗೆಮನೆಯ ಕಿಟಕಿ ತೆರೆದು, ಮುಚ್ಚಳವಿಲ್ಲದೆ ಅರ್ಧ ಗಂಟೆ ಕುದಿಸಿ. ವಿಷ ಆವಿಯ ಜೊತೆ ಹೋಗಬೇಕು. ಬೆಂದ ನೀರನ್ನೂ ಚೆಲ್ಲಿ. ‘ಸತ್ವ ಹೋಗುತ್ತೆ’ ಅಂತ ಅದನ್ನು ಸಾರಿಗೆ ಉಳಿಸುವುದು ಶುದ್ಧ ತಪ್ಪು.

ಇಷ್ಟಾದರೂ ಚೂರು ಉಳಿದೀತು. ದೇಹ ಅದನ್ನು ಥಯೋಸಯನೇಟ್ ಅನ್ನುವ ಅಂಶವಾಗಿ ಮಾಡಿಕೊಳ್ಳುತ್ತದೆ, ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಅಪರೂಪಕ್ಕೆ ತಿಂದರೆ ಚಿಂತೆಯಿಲ್ಲ. ದಿನಾ ತಿಂದು, ಅಡುಗೆಗೆ ಅಯೋಡಿನ್ ಇಲ್ಲದ ಕಲ್ಲುಪ್ಪೇ ಬಳಸುವ ಮನೆಗಳಲ್ಲಿ ಗಳಗಂಡಕ್ಕೆ (ಥೈರಾಯ್ಡ್ ಗ್ರಂಥಿಯ ಊತಕ್ಕೆ) ದಾರಿಯಾಗಬಹುದು. ಥೈರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ತಿನ್ನಲಿ. ಉಪ್ಪುನೀರಲ್ಲಿ ಹಾಕಿಟ್ಟ ಕಳಲೆ ಬಿಪಿಯವರಿಗೆ ಬೇರೆಯೇ ತಲೆನೋವು.

ತಿಂದ ಮೇಲೆ ತಲೆಸುತ್ತು, ವಾಂತಿ, ಏದುಸಿರು ಬಂದರೆ ಮಜ್ಜಿಗೆ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.