ಶಕ್ತಿ ಬಳಸಿದ್ದೀಯಾ, ಬಾಕಿ ಕಟ್ಟು

'ಡಾರ್ಕರ್ ದ್ಯಾನ್ ಬ್ಲ್ಯಾಕ್' ಅನ್ನೋ ಜಪಾನಿ ಅನಿಮೇಷನ್ ಸರಣಿಯ ಮೊದಲ ಎಪಿಸೋಡಿನಲ್ಲೇ ಒಬ್ಬ ಬರುತ್ತಾನೆ. ಗುರುತ್ವಾಕರ್ಷಣೆಯನ್ನೇ ಆಟ ಆಡಿಸುವಷ್ಟು ಶಕ್ತಿ ಇರುವವನು. ಆ ಶಕ್ತಿ ಬಳಸಿದ ಮೇಲೆ ತನ್ನ ಬೆರಳನ್ನು ತಾನೇ ಮುರಿದುಕೊಳ್ಳುತ್ತಾನೆ. ನೆಟಿಕೆ ತೆಗೆಯೋದಲ್ಲ, ನಿಜವಾಗಿಯೂ ಮುರಿಯೋದು. ಯಾಕೆ ಅಂದರೆ ಅದು ಅವನು ಕಟ್ಟಬೇಕಾದ ಬೆಲೆ. ಅಷ್ಟೇ, ಅದಕ್ಕೆ ಬೇರೆ ಅರ್ಥವೇ ಇಲ್ಲ.

ಈ ಸರಣಿ ನನ್ನನ್ನು ಹಿಡಿದು ಕೂರಿಸಿದ್ದು ಇದೇ ವಿಷಯಕ್ಕೆ. ಹಾಗಂತ ಒಂದೇ ಸಲಕ್ಕೆ ಕೂತು ನೋಡಿದೆ ಅಂತೇನಿಲ್ಲ. ಮೊದಲ ಸಲ ಎರಡು ಎಪಿಸೋಡ್ ನೋಡಿ ತಲೆಬುಡ ಅರ್ಥ ಆಗದೆ ಬಿಟ್ಟಿದ್ದೆ, ಎಷ್ಟೋ ತಿಂಗಳಾದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಸುಮ್ನೆ ಮತ್ತೆ ಹಾಕಿದೆ, ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಬೋನ್ಸ್ ಸ್ಟುಡಿಯೋದವರು 2007ರಲ್ಲಿ ಮಾಡಿದ ಸರಣಿ ಇದು, ನಿರ್ದೇಶಕ ತೆನ್ಸಾಯ್ ಒಕಮುರ, ಸಂಗೀತ ಯೋಕೊ ಕಾನ್ನೊ. ಮೊದಲ ಸೀಸನ್ ಟಿವಿಯಲ್ಲಿ 25 ಎಪಿಸೋಡ್.

ಕಥೆ ನಡೆಯೋದು ಟೋಕಿಯೋದಲ್ಲಿ. ಹತ್ತು ವರ್ಷದ ಹಿಂದೆ ಊರಿನ ನಡುವೆ 'ಹೆಲ್ಸ್ ಗೇಟ್' ಅನ್ನೋ ಜಾಗ ಹುಟ್ಟಿಕೊಂಡಿದೆ. ಅದರ ಸುತ್ತ ದೊಡ್ಡ ಗೋಡೆ. ಆವತ್ತಿನಿಂದ ಆಕಾಶದಲ್ಲಿ ನಿಜವಾದ ನಕ್ಷತ್ರಗಳೇ ಇಲ್ಲ, ಕಾಣೋದೆಲ್ಲ ಸುಳ್ಳು ನಕ್ಷತ್ರಗಳು. ಒಂದೊಂದು ನಕ್ಷತ್ರಕ್ಕೂ ಒಬ್ಬೊಬ್ಬ 'ಕಾಂಟ್ರಾಕ್ಟರ್', ಅಂದರೆ ವಿಶೇಷ ಶಕ್ತಿ ಬಂದ ಮನುಷ್ಯ. ಅವನು ಶಕ್ತಿ ಬಳಸಿದರೆ ಅಲ್ಲಿ ನಕ್ಷತ್ರ ಮಿನುಗುತ್ತದೆ, ಸತ್ತರೆ ಉದುರುತ್ತದೆ. ಪೊಲೀಸರು ಕೇಸು ಹಿಡಿಯೋಕೆ ವೀಕ್ಷಣಾಲಯಕ್ಕೆ ಫೋನ್ ಮಾಡುತ್ತಾರೆ! ಮಿಸಾಕಿ ಕಿರಿಹಾರ ಅನ್ನೋ ಪೊಲೀಸ್ ಅಧಿಕಾರಿಗೆ ತಾನು ಹುಡುಕುತ್ತಿರುವವನ ಹೆಸರು ಗೊತ್ತಿಲ್ಲ, ಅವನ ನಕ್ಷತ್ರದ ನಂಬರು ಮಾತ್ರ ಗೊತ್ತು: ಬಿಕೆ-201. ಅವನು ಆಗಾಗ ಅವಳ ಎದುರಿಗೇ ಸಿಗುತ್ತಾನೆ, ಲಿ ಅನ್ನೋ ಸಂಕೋಚದ ಚೀನೀ ವಿದ್ಯಾರ್ಥಿಯಾಗಿ. ಅವಳಿಗೆ ಗೊತ್ತಾಗಲ್ಲ. ಮುಖವಾಡ ಹಾಕಿದಾಗ ಅವನೇ 'ಹೇ', ಕರೆಂಟು ಹರಿಸಿ ಕೊಲ್ಲುವವನು. (ಕನ್ನಡದ ಕಿವಿಗೆ ಯಾರನ್ನೋ ಕರೆದ ಹಾಗೆ ಕೇಳಿಸುತ್ತೆ, ಆದರೆ ಚೀನೀ ಭಾಷೆಯಲ್ಲಿ ಕಪ್ಪು ಅಂತ ಅರ್ಥ. ಅವನ ಜೊತೆಯವರು ಯಿನ್ ಅಂದರೆ ಬೆಳ್ಳಿ, ಹುವಾಂಗ್ ಅಂದರೆ ಹಳದಿ. ಮಾವೊ ಅಂದರೆ ಬೆಕ್ಕು, ಅವನು ಬೆಕ್ಕಿನ ಮೈಯಲ್ಲೇ ಇದ್ದಾನೆ, ಹೆಸರಿಡೋಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.)

ಈಗ ಬೆಲೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಹರಕೆ ಹೊತ್ತರೆ ತೀರಿಸಬೇಕು ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಹರಕೆ ಕೇಳಿಸಿಕೊಳ್ಳೋಕೆ ಯಾವ ದೇವರೂ ಇಲ್ಲ. ನವೆಂಬರ್ 11 ಅನ್ನೋ ಬ್ರಿಟಿಷ್ ಗೂಢಚಾರ ನೀರನ್ನು ಮಂಜುಗಡ್ಡೆ ಮಾಡಬಲ್ಲ. ಅವನಿಗೆ ಸಿಗರೇಟು ಕಂಡರೆ ಆಗಲ್ಲ, ಆದರೆ ಶಕ್ತಿ ಬಳಸಿದ ಪ್ರತಿ ಸಲ ಒಂದು ಸೇದಲೇಬೇಕು. ಅವನ ಜೊತೆಗಾರ್ತಿ ಏಪ್ರಿಲ್ ಬಿಯರ್ ಕುಡಿಯಬೇಕು. ಇನ್ನೊಬ್ಬ ತನ್ನ ಶೂಗಳನ್ನು ತಲೆಕೆಳಗಾಗಿ ಇಡುತ್ತಾನೆ. ನಗು ಬರುತ್ತೆ ಅಲ್ವಾ? ಆಮೇಲೆ ಆಂಬರ್ ಬರುತ್ತಾಳೆ. ಕಾಲವನ್ನೇ ನಿಲ್ಲಿಸಬಲ್ಲ ಅವಳು ಪ್ರತಿ ಸಲ ಚಿಕ್ಕವಳಾಗುತ್ತಾ ಹೋಗುತ್ತಾಳೆ. ಅಷ್ಟೊತ್ತಿಗೆ ನಗು ನಿಂತಿರುತ್ತದೆ.

ಇನ್ನು ಹೇ ಯಾವ ಬೆಲೆಯನ್ನೂ ಕಟ್ಟಲ್ಲ. ಸುಮ್ನೆ ರಾಶಿ ರಾಶಿ ಊಟ ಮಾಡುತ್ತಾನೆ, ನಾನಂತೂ ಅದೇ ಅವನ ಬೆಲೆ ಇರಬೇಕು ಅಂದುಕೊಂಡಿದ್ದೆ. ಯಾಕೆ ಕಟ್ಟಲ್ಲ ಅನ್ನೋದೇ ಸರಣಿಯ ದೊಡ್ಡ ಗುಟ್ಟು, ಹೇಳಲ್ಲ.

ಕಾಂಟ್ರಾಕ್ಟರ್‌ಗಳಿಗೆ ಭಾವನೆ ಇಲ್ಲ, ಬರೀ ಲಾಭ ನಷ್ಟದ ಲೆಕ್ಕ ಅಂತ ಎಲ್ಲರೂ ಹೇಳುತ್ತಲೇ ಇರುತ್ತಾರೆ. ಹಾಗೆ ಹೇಳಿಕೊಂಡವರೇ ಒಬ್ಬೊಬ್ಬರಾಗಿ ಲೆಕ್ಕ ತಪ್ಪುತ್ತಾರೆ, ತಪ್ಪಿದವರು ಸಾಯುತ್ತಾರೆ. ಈ ಸರಣಿಯ ನುವಾರ್ ಗುಣ, ಅಂದರೆ ಕತ್ತಲೆ ತುಂಬಿದ ಅಪರಾಧ ಕಥೆಗಳ ಗುಣ, ನನಗೆ ಕಂಡಿದ್ದು ಅಲ್ಲಿ, ರಾತ್ರಿ ಬೀದಿ, ಕಪ್ಪು ಕೋಟಿನಲ್ಲಲ್ಲ. ಕೋಟು ಹ್ಯಾಟನ್ನಂತೂ ಇವರೇ ಗೇಲಿ ಮಾಡಿದ್ದಾರೆ: ಗಾಯ್ ಕುರಸಾವಾ ಅನ್ನೋ ಬಡಪಾಯಿ ಪತ್ತೇದಾರ ಒಬ್ಬ ಇದ್ದಾನೆ, ಅವನಿದ್ದ ಎಪಿಸೋಡ್‌ಗಳಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ತಕರಾರು ಇಲ್ಲ ಅಂತಲ್ಲ. ಹೆಚ್ಚಿನ ಕಥೆಗಳು ಎರಡೆರಡು ಎಪಿಸೋಡಿನವು, ಕೆಲವುಗಳ ಮೊದಲರ್ಧ ಎಳೆದ ಹಾಗಿದೆ. ಕೊನೆಯ ಎರಡು ಎಪಿಸೋಡ್ ಎರಡೆರಡು ಸಲ ನೋಡಿದರೂ ನನಗೆ ಪೂರ್ತಿ ಬಗೆಹರಿದಿಲ್ಲ. 2009ರ ಎರಡನೇ ಸೀಸನ್ 12 ಎಪಿಸೋಡಿನದು, ಅದರಲ್ಲಿ ಹೇ ಗಡ್ಡ ಬಿಟ್ಟು ಕುಡಿಯುತ್ತಾ ಕೂತಿದ್ದಾನೆ. ಮೊದಲನೆಯದರ ಮುಂದೆ ಅದು ಸಪ್ಪೆ, ನೋಡದಿದ್ದರೂ ನಡೆಯುತ್ತೆ.

ಆದರೆ 13, 14ನೇ ಎಪಿಸೋಡ್ ತಪ್ಪಿಸಬೇಡಿ. ಅವು ಯಿನ್ ಕಥೆ. ಅವಳು 'ಡಾಲ್', ಅಂದರೆ ಮನಸ್ಸೇ ಇಲ್ಲದ ಗೊಂಬೆ ಅಂತ ಎಲ್ಲರ ಲೆಕ್ಕ. ನಗೋಕೆ ಬರಲ್ಲ. ಹಾಗಾಗಿ ಬೆರಳು ತಂದು ತುಟಿಯ ಅಂಚನ್ನು ಮೆಲ್ಲಗೆ ಮೇಲಕ್ಕೆ ಒತ್ತಿಕೊಳ್ಳುತ್ತಾಳೆ.